ಬೇಸಿಗೆಯಲ್ಲಿ ಮಿನಿ ಕುದಿಯದಂತೆ: ಒಂದು ರಿಪೇರಿ ದಾಖಲೆ

ಮಿನಿ ಎಂಬ ಹಳೆಯ ಪುಟ್ಟ ಬ್ರಿಟಿಷ್ ಕಾರಿನ ಎಂಜಿನ್ ನೀರು ಬಿಸಿಲಿಗೆ ಕುದಿಯುತ್ತದೆ ಎಂದು ಯಾರಿಗಾದರೂ ಹೇಳಿ ನೋಡಿ, ‘ದೊಡ್ಡ ರೇಡಿಯೇಟರ್ ಹಾಕಿಸಿ’ ಎನ್ನುತ್ತಾರೆ. ಇಲ್ಲವಾದರೆ, ನೀರು ಕಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ಕವಾಟವಾದ ‘ಥರ್ಮೋಸ್ಟಾಟ್ ಕಿತ್ತು ಬಿಸಾಕಿ’ ಎನ್ನುತ್ತಾರೆ. ನಾನು ಎರಡನ್ನೂ ಒಪ್ಪುವುದಿಲ್ಲ. ಹೊಸದಿದ್ದಾಗ ಬಿಸಿನಾಡುಗಳಲ್ಲೂ ಓಡಿದ ಕಾರು ಇದು. ಈಗ ಕುದಿಯುತ್ತಿದೆ ಎಂದರೆ ಅಂದಿನಿಂದ ಇಂದಿನ ನಡುವೆ ಏನೋ ಕೆಟ್ಟಿದೆ, ಎಲ್ಲೋ ಕಟ್ಟಿದೆ, ಇಲ್ಲವೇ ಯಾರೋ ಏನನ್ನೋ ಬದಲಿಸಿದ್ದಾರೆ. ಅದನ್ನು ಹುಡುಕಿ ಸರಿಪಡಿಸದೆ ಹೊಸ ಭಾಗ ಹೇರಿದರೆ ಮೂಲ ದೋಷ ಅಲ್ಲೇ ಉಳಿಯುತ್ತದೆ.

ನನ್ನದು 1970ರ ದಶಕದ ಗಾಡಿ. 998 ಸಿಸಿಯ ಎ-ಸೀರೀಸ್ ಎಂಜಿನ್, ಪಕ್ಕದಲ್ಲಿ ರೇಡಿಯೇಟರ್, ಬೆಲ್ಟಿನಿಂದ ತಿರುಗುವ ಫ್ಯಾನ್. ಬಿಸಿಲು 38 ಡಿಗ್ರಿ ಮುಟ್ಟಿದ ದಿನಗಳಲ್ಲಿ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವಾಗ ಮೀಟರಿನ ಮುಳ್ಳು ಮೆಲ್ಲಗೆ ಏರಿ ಕೆಂಪು ಗೆರೆಯ ಹತ್ತಿರ ಹೋಗುತ್ತಿತ್ತು. ಖಾಲಿ ರಸ್ತೆ ಸಿಕ್ಕಿ ಐವತ್ತು ಅರವತ್ತರ ವೇಗ ಹಿಡಿದರೆ ಇಳಿಯುತ್ತಿತ್ತು. ಉದ್ದನೆಯ ಏರು ಬಂದರೆ ಮತ್ತೆ ಮೇಲಕ್ಕೆ. ಎಂಜಿನ್ ಆಫ್ ಮಾಡಿದ ಮೇಲೆ ಓವರ್‌ಫ್ಲೋ ಪೈಪಿನಿಂದ ಬುಳಬುಳ ನೀರು.

ಲಕ್ಷಣ ಗಮನಿಸಿದರೆ ಅರ್ಧ ರೋಗ ಗೊತ್ತಾಗುತ್ತದೆ. ನಿಂತಾಗ ಬಿಸಿ, ಓಡಿದಾಗ ತಂಪು ಎಂದರೆ ಗಾಳಿಯ ಕೊರತೆ. ನಿಂತಾಗ ಸರಿ, ವೇಗದಲ್ಲಿ ಬಿಸಿ ಎಂದರೆ ನೀರಿನ ಹರಿವಿನ ಕೊರತೆ, ಅಥವಾ ಎಂಜಿನ್ನೇ ಹೆಚ್ಚು ಶಾಖ ಹುಟ್ಟಿಸುತ್ತಿದೆ. ನನ್ನ ಗಾಡಿ ನಿಂತಾಗಲೂ ಏರಿನಲ್ಲೂ ಕಾಯುತ್ತಿತ್ತು. ಅಂದರೆ ಒಂದಕ್ಕಿಂತ ಹೆಚ್ಚು ಕಾರಣಗಳಿವೆ ಎಂದುಕೊಂಡೇ ಕೆಲಸ ಶುರು ಮಾಡಿದೆ.

ಮಿನಿಯ ಗಾಳಿಯ ದಾರಿ

ಇದು ಅರ್ಥವಾಗದೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. 1959ರ ಆಗಸ್ಟ್‌ನಲ್ಲಿ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಹೊರತಂದ ಈ ಕಾರನ್ನು ಅಲೆಕ್ ಇಸಿಗೋನಿಸ್ ಸುಮಾರು ಮೂರು ಮೀಟರ್ ಉದ್ದದೊಳಗೆ ನಾಲ್ಕು ಜನ ಕೂರುವಂತೆ ವಿನ್ಯಾಸ ಮಾಡಿದ್ದರು. ಜಾಗ ಉಳಿಸಲು ಎಂಜಿನ್ ಅಡ್ಡಡ್ಡ ಕೂತಿತು, ಗೇರ್‌ಬಾಕ್ಸ್ ಅದರ ಕೆಳಗೆ ಆಯಿಲ್ ಸಂಪಿನೊಳಗೇ ಸೇರಿತು, ರೇಡಿಯೇಟರ್ ಎಡಪಕ್ಕಕ್ಕೆ ಸರಿಯಿತು. ಫ್ಯಾನ್ ಇಲ್ಲಿ ಗಾಳಿಯನ್ನು ರೇಡಿಯೇಟರ್ ಮೂಲಕ ಒಳಗೆ ಎಳೆಯುವುದಿಲ್ಲ, ಹೊರಗೆ ನೂಕುತ್ತದೆ. ಮುಂಭಾಗದ ಜಾಲರಿಯಿಂದ ಬಂದ ಗಾಳಿ ಎಂಜಿನ್ ಸುತ್ತ ಸುಳಿದು, ಅದರ ಬಿಸಿ ಹೊತ್ತು, ಆಮೇಲೆ ರೇಡಿಯೇಟರ್ ದಾಟಿ, ಒಳ ಮಡ್‌ಗಾರ್ಡಿನಲ್ಲಿರುವ ಸೀಳುಗಳ ಮೂಲಕ ಎಡ ಚಕ್ರದ ಮೇಲಕ್ಕೆ ಹೋಗುತ್ತದೆ. ಒಲೆಯ ಮುಂದೆ ಕೂತು ಬೀಸಣಿಗೆ ಬೀಸಿಕೊಂಡ ಹಾಗೆ. ಪ್ರೋಬ್ ಥರ್ಮಾಮೀಟರಿನ ತುದಿಯನ್ನು ಫ್ಯಾನಿಗೆ ತಗುಲದಂತೆ ಕಟ್ಟಿ ನೋಡಿದೆ. ಹೊರಗೆ 38 ಇದ್ದಾಗ, ರೇಡಿಯೇಟರಿಗೆ ಮುಟ್ಟುವ ಮುಂಚೆಯೇ ಗಾಳಿ 53 ಡಿಗ್ರಿ ಆಗಿತ್ತು.

ಇಷ್ಟಾದ ಮೇಲೂ ಚಕ್ರದ ಗೂಡಿನೊಳಗೆ ವೇಗ ಹೆಚ್ಚಿದಂತೆ ಗಾಳಿಯ ಒತ್ತಡ ಏಳುತ್ತದೆ, ಫ್ಯಾನ್ ಅದರ ಎದುರು ನೂಕಬೇಕು. ಕೊನೆಗೆ 1990ರ ದಶಕದ ಉತ್ತರಾರ್ಧದ ಮಿನಿಗಳಲ್ಲಿ ರೇಡಿಯೇಟರನ್ನು ಮುಂದಕ್ಕೆ ತಂದು ಕರೆಂಟ್ ಫ್ಯಾನ್ ಕೊಟ್ಟರು. ಅದಕ್ಕಿಂತ ಹಳೆಯ ಗಾಡಿ ಇಟ್ಟುಕೊಂಡವರು ಈ ಪಕ್ಕದ ವ್ಯವಸ್ಥೆಯೊಂದಿಗೇ ಬಾಳಬೇಕು. ಅದರಲ್ಲಿ ಸಡಿಲ ಬಿಡಲು ಜಾಗವಿಲ್ಲ. ಒಂದು ಸೀಳು ಮುಚ್ಚಿದರೂ ಲೆಕ್ಕಕ್ಕೆ ಬರುತ್ತದೆ.

ಮೊದಲು ಅಳತೆ

ಮೀಟರಿನ ಮುಳ್ಳನ್ನು ನಂಬಿ ಸ್ಪ್ಯಾನರ್ ಎತ್ತಿಕೊಳ್ಳಬಾರದು. ಈ ಗಾಡಿಯ ಪೆಟ್ರೋಲ್ ಮೀಟರ್, ಟೆಂಪರೇಚರ್ ಮೀಟರ್ ಎರಡಕ್ಕೂ ಸ್ಪೀಡೋಮೀಟರಿನ ಹಿಂದಿರುವ ಒಂದು ಚಿಕ್ಕ ವೋಲ್ಟೇಜ್ ಸ್ಟೆಬಿಲೈಸರ್ ಸರಾಸರಿ 10 ವೋಲ್ಟ್ ಕೊಡುತ್ತದೆ. ಅದು ಕೆಟ್ಟರೆ, ಅಥವಾ ಅದರ ಅರ್ತ್ ಸಡಿಲವಾದರೆ, ಮೀಟರಿಗೆ ನೇರ ಬ್ಯಾಟರಿ ವೋಲ್ಟೇಜ್ ಹೋಗಿ ಎರಡೂ ಮುಳ್ಳು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತವೆ. ನನ್ನ ಗಾಡಿಯಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲಿಗೆ ಮುಳ್ಳು ಮುಕ್ಕಾಲಿನಲ್ಲಿ ನಿಲ್ಲುತ್ತಿತ್ತು. ಅನುಮಾನ ಬಂದದ್ದೇ ಅದರಿಂದ. ಅರ್ತ್ ತಂತಿಯ ತುದಿ ಉಜ್ಜಿ ಬಿಗಿ ಮಾಡಿ, ಹಳೆಯ ಸ್ಟೆಬಿಲೈಸರ್ ಜಾಗದಲ್ಲಿ ಎಲೆಕ್ಟ್ರಾನಿಕ್ ಸ್ಟೆಬಿಲೈಸರ್ ಕೂರಿಸಿದೆ. ಪೆಟ್ರೋಲ್ ಮುಳ್ಳು ಸರಿಯಾದ ಜಾಗಕ್ಕೆ ಇಳಿಯಿತು, ಬಿಸಿಯ ಮುಳ್ಳೂ ಸ್ವಲ್ಪ ಇಳಿಯಿತು. ಸ್ವಲ್ಪ ಮಾತ್ರ. ಮೀಟರ್ ಉತ್ಪ್ರೇಕ್ಷೆ ಮಾಡುತ್ತಿತ್ತು ನಿಜ, ಆದರೆ ಬಿಸಿಯೂ ನಿಜವೇ ಆಗಿತ್ತು.

ಅದಾದ ಮೇಲೆ ಇನ್‌ಫ್ರಾರೆಡ್ ಥರ್ಮಾಮೀಟರ್. ಇದರಲ್ಲಿ ಒಂದು ಎಚ್ಚರ ಬೇಕು: ಹೊಳೆಯುವ ಲೋಹದ ಮೇಲೆ ಗುರಿ ಇಟ್ಟರೆ ಅದು ಕಡಿಮೆ ತೋರಿಸುತ್ತದೆ. ಥರ್ಮೋಸ್ಟಾಟ್ ಮುಚ್ಚಳದ ಮೇಲೆ, ರೇಡಿಯೇಟರಿನ ಮೇಲಿನ ತೊಟ್ಟಿಯ ಮೇಲೆ, ಕೆಳ ಹೋಸಿನ ಕೊಳವೆಯ ಮೇಲೆ ಒಂದೊಂದು ಬೊಟ್ಟು ಹೊಳಪಿಲ್ಲದ ಕಪ್ಪು ಬಣ್ಣ ಹಚ್ಚಿ, ಪ್ರತಿ ಸಲವೂ ಅಲ್ಲೇ ಅಳೆದೆ. ಮೊದಲ ಅಳತೆ: ಹೊರಗೆ 38, ಬಾನೆಟ್ ಮುಚ್ಚಿ ಐಡ್ಲಿಂಗ್‌ನಲ್ಲಿ ನಿಂತು ಕಾಲು ಗಂಟೆ. ಮೇಲಿನ ತೊಟ್ಟಿ 104, ಕೆಳಗಿನ ಕೊಳವೆ 99. ರೇಡಿಯೇಟರ್ ದಾಟಿ ಬಂದ ನೀರು ಐದೇ ಡಿಗ್ರಿ ತಣ್ಣಗಾಗಿದೆ. ನೀರು ತಿರುಗುತ್ತಿದೆ, ಶಾಖ ಮಾತ್ರ ಗಾಳಿಗೆ ಹೋಗುತ್ತಿಲ್ಲ.

ಮುಚ್ಚಿಹೋದ ಸೀಳುಗಳು

ಎಡ ಚಕ್ರ ಬಿಚ್ಚಿ, ಟಾರ್ಚ್ ಹಿಡಿದು ಒಳ ಮಡ್‌ಗಾರ್ಡ್ ನೋಡಿದೆ. ಸೀಳುಗಳು ಇರಬೇಕಾದ ಜಾಗದಲ್ಲಿ ಉಬ್ಬುತಗ್ಗಿನ ಕಪ್ಪು ಗೋಡೆ. ತುಕ್ಕು ಹಿಡಿಯದಿರಲೆಂದು ಹಿಂದೆ ಯಾರೋ ಅಂಡರ್‌ಕೋಟಿಂಗ್ ಟಾರು ಬಳಿದಿದ್ದರು, ಅದರ ಮೇಲೆ ಮತ್ತೊಬ್ಬರು, ಅದರ ಮೇಲೆ ರಸ್ತೆಯ ಮಣ್ಣು. ಸ್ಕ್ರೂಡ್ರೈವರ್ ತುದಿಯಿಂದ ಕೆರೆದರೆ ಚಕ್ಕೆಚಕ್ಕೆಯಾಗಿ ಬಂತು. ಒಂದೊಂದು ಚಕ್ಕೆ ಚಪ್ಪಲಿಯ ಅಟ್ಟೆಯಷ್ಟು ದಪ್ಪ, ಒಳಮೈಯಲ್ಲಿ ಸೀಳಿನ ಅಚ್ಚು. ಅರ್ಧಕ್ಕಿಂತ ಹೆಚ್ಚು ಸೀಳುಗಳು ಪೂರ್ತಿ ಮುಚ್ಚಿದ್ದವು, ಉಳಿದವು ಬೆರಳಿನ ಉಗುರು ಹೋಗುವಷ್ಟು ತೆರೆದಿದ್ದವು. ಹಾಟ್ ಏರ್ ಗನ್ನಿನಿಂದ ಮೆತ್ತಗೆ ಮಾಡಿ, ಕೆರೆದು, ಡೀಸೆಲ್ ಅದ್ದಿದ ಬಟ್ಟೆಯಿಂದ ಒರೆಸಿ, ಬರಿ ತಗಡು ಕಂಡಲ್ಲಿ ತೆಳ್ಳಗೆ ಪ್ರೈಮರ್ ಮತ್ತು ಬಣ್ಣ ಹೊಡೆದೆ. ಹಾಟ್ ಏರ್ ಗನ್ ಕೆಲಸ ಪೂರ್ತಿ ಮುಗಿದು ತಗಡು ತಣ್ಣಗಾದ ಮೇಲೆಯೇ ಡೀಸೆಲ್ ಡಬ್ಬಿ ತೆರೆಯಬೇಕು.

ಮಿನಿಯಲ್ಲಿ ನಾನು ಮೊದಲು ನೋಡಿ ಎನ್ನುವುದು ಈ ಸೀಳುಗಳನ್ನೇ. ಬಾನೆಟ್ ಎತ್ತಿ ನೋಡುವವರಿಗೆ ಇದು ಕಾಣುವುದಿಲ್ಲ, ಏಕೆಂದರೆ ರೇಡಿಯೇಟರ್ ಅಡ್ಡ ನಿಂತಿರುತ್ತದೆ.

ಒಳಗಿನಿಂದ ಎರಡನೆಯ ಕೊರತೆ: ರೇಡಿಯೇಟರಿಗೂ ಒಳ ಮಡ್‌ಗಾರ್ಡಿಗೂ ನಡುವಿನ ರಬ್ಬರ್ ಪಟ್ಟಿ ಇರಲೇ ಇಲ್ಲ. ಅದಿಲ್ಲದಿದ್ದರೆ ರೇಡಿಯೇಟರ್ ದಾಟಿದ ಬಿಸಿ ಗಾಳಿ ಸೀಳಿನ ಕಡೆ ಹೋಗದೆ ಅಂಚಿನಿಂದ ಸುತ್ತಿ ಮತ್ತೆ ಎಂಜಿನ್ ಕಡೆಗೇ ಬರುತ್ತದೆ, ಫ್ಯಾನ್ ಅದನ್ನೇ ಹಿಡಿದು ಮತ್ತೆ ನೂಕುತ್ತದೆ. ಬಿಸಿ ತಡೆಯುವ ದಪ್ಪ ಸ್ಪಂಜು ರಬ್ಬರ್ ಪಟ್ಟಿಯನ್ನು ನಾಲ್ಕೂ ಬದಿಗೆ ಅಂಟಿಸಿದೆ. ಅಂಟಿಸುವಾಗ ಸೀಳುಗಳ ಮೇಲೆ ಬರದ ಹಾಗೆ ನೋಡಿಕೊಳ್ಳಬೇಕು. ಫ್ಯಾನಿನ ಸುತ್ತಲಿನ ತಗಡಿನ ಕೌಲ್ ಒಂದು ಕಡೆ ಬೋಲ್ಟ್ ಇಲ್ಲದೆ ನೇತಾಡುತ್ತಿತ್ತು, ಅದನ್ನೂ ಬಿಗಿ ಮಾಡಿದೆ. ಕೌಲ್ ಮತ್ತು ಫ್ಯಾನಿನ ತುದಿಯ ನಡುವೆ ಸಂದು ಜಾಸ್ತಿಯಾದಷ್ಟೂ ಫ್ಯಾನ್ ಸುಮ್ಮನೆ ಗಾಳಿ ಕಡೆಯುತ್ತದೆ.

ಜಾಲರಿಯ ಮುಂದೆ ಅಲಂಕಾರಕ್ಕೆ ಕಟ್ಟಿದ್ದ ಎರಡು ದೊಡ್ಡ ದೀಪಗಳನ್ನು ಬಿಚ್ಚಿಟ್ಟೆ. ಚೆನ್ನಾಗಿ ಕಾಣುತ್ತಿದ್ದವು, ಆದರೆ ಗಾಳಿ ಬರುವ ಒಂದೇ ಬಾಗಿಲಿಗೆ ಅಡ್ಡ ನಿಂತಿದ್ದವು. ಚಳಿಗಾಲಕ್ಕೆ ಬೇಕಾದರೆ ಮತ್ತೆ ಹಾಕಬಹುದು.

ನೀರಿನ ದಾರಿ

ರೇಡಿಯೇಟರ್ ಬಿಚ್ಚುವುದು ಕಷ್ಟವಲ್ಲ, ಕೈ ಹೋಗುವುದಷ್ಟೇ ಕಷ್ಟ. ಮೇಲಿನ ಬ್ರ್ಯಾಕೆಟ್ ಥರ್ಮೋಸ್ಟಾಟ್ ಮುಚ್ಚಳಕ್ಕೆ, ಕೆಳಗಿನದು ಎಂಜಿನ್ ಮೌಂಟಿಂಗಿಗೆ ಸೇರಿರುತ್ತದೆ. ಬೆಳಕಿಗೆ ಎತ್ತಿ ಹಿಡಿದಾಗ ಕೆಳಗಿನ ಮೂರನೇ ಒಂದು ಭಾಗದಲ್ಲಿ ರೆಕ್ಕೆಗಳ ನಡುವೆ ಬೆಳಕೇ ಕಾಣಲಿಲ್ಲ: ಆಯಿಲ್ ಕುಡಿದ ಧೂಳು ಗಟ್ಟಿಯಾಗಿ ಕೂತಿತ್ತು. ಡಿಗ್ರೀಸರ್ ಬಳಿದು ನೆನೆಯಲು ಬಿಟ್ಟು, ಚಕ್ರದ ಕಡೆಯಿಂದ ಎಂಜಿನ್ ಕಡೆಗೆ, ಅಂದರೆ ಗಾಳಿ ಹೋಗುವ ದಿಕ್ಕಿಗೆ ಎದುರಾಗಿ, ಕಡಿಮೆ ಒತ್ತಡದ ನೀರು ಬಿಟ್ಟೆ. ಪ್ರೆಷರ್ ವಾಷರ್ ಬಳಸಿದರೆ ತಾಮ್ರದ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಒಳಗೂ ಕಟ್ಟಿತ್ತು. ರೇಡಿಯೇಟರ್ ರಿಪೇರಿ ಮಾಡುವವರು ಮೇಲಿನ ತೊಟ್ಟಿಯ ಬೆಸುಗೆ ಬಿಡಿಸಿ, ಒಂದೊಂದು ಕೊಳವೆಗೂ ಚಪ್ಪಟೆ ಕಡ್ಡಿ ತೂರಿಸಿ ಸುಣ್ಣದ ಪೊರೆ ತೆಗೆದು, ಮತ್ತೆ ಬೆಸೆದು ಒತ್ತಡ ಹಾಕಿ ಪರೀಕ್ಷಿಸಿದರು. ಎರಡು ಸಾಲು ಕೊಳವೆಗಳ ಈ ಹಳೆಯ ಕೋರನ್ನೇ (ರೇಡಿಯೇಟರಿನ ಕೊಳವೆ ಮತ್ತು ರೆಕ್ಕೆಗಳ ಭಾಗ) ಉಳಿಸಿಕೊಂಡೆ. ನಾಲ್ಕು ಸಾಲಿನ ದಪ್ಪ ಕೋರ್ ಹಾಕಬಹುದಿತ್ತು. ಆದರೆ ಕೋರ್ ದಪ್ಪವಾದಷ್ಟೂ ಗಾಳಿಗೆ ತಡೆ ಹೆಚ್ಚು, ಐಡ್ಲಿಂಗಿನಲ್ಲಿ ಈ ಫ್ಯಾನಿಗೆ ಅಷ್ಟು ಶಕ್ತಿ ಇರುವುದಿಲ್ಲ. ಹೆಚ್ಚು ಶಕ್ತಿಗೆ ಟ್ಯೂನ್ ಮಾಡಿದ 1275 ಸಿಸಿ ಎಂಜಿನ್ನಿಗೆ ಅದು ಬೇಕಾಗಬಹುದು, ಮೂಲ ಸ್ಥಿತಿಯಲ್ಲಿರುವ 998ಕ್ಕೆ ಬೇಕಿಲ್ಲ.

ರೇಡಿಯೇಟರ್ ಮಾತ್ರ ತೊಳೆದು ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಎಂಜಿನ್ನಿನ ಒಡಲು, ಬಿಟ್ಟರೆ ಕೆಲಸ ಅರ್ಧವಾದಂತೆ. ಎಂಜಿನ್ನಿನ ಹಿಂಬದಿಯಲ್ಲಿ, ಕ್ಲಚ್ ಕಡೆಯ ತುದಿಗೆ ಬ್ಲಾಕಿನ ಡ್ರೈನ್ ಪ್ಲಗ್ ಇದೆ. ಬಿಚ್ಚಿದೆ, ಒಂದು ಹನಿಯೂ ಬರಲಿಲ್ಲ. ಗಟ್ಟಿ ತಂತಿ ತೂರಿಸಿ ಕೆದಕಿದಾಗ ಮೊದಲು ಒದ್ದೆ ತುಕ್ಕಿನ ಪುಡಿ, ಆಮೇಲೆ ಕಂದು ರಾಡಿ, ಕೊನೆಗೆ ನೀರು. ರೇಡಿಯೇಟರ್ ಇರುವುದು ಒಂದನೇ ಸಿಲಿಂಡರಿನ ಕಡೆ, ನೀರಿನ ಪಂಪೂ ಅಲ್ಲೇ. ನಾಲ್ಕನೇ ಸಿಲಿಂಡರ್ ಅತಿ ದೂರ, ಅಲ್ಲಿ ಹರಿವು ನಿಧಾನ, ಹಾಗಾಗಿ ಬ್ಲಾಕಿನ ತುಕ್ಕೆಲ್ಲ ಅಲ್ಲಿಗೆ ಹೋಗಿ ತಳ ಸೇರುತ್ತದೆ. ಬಿಸಿಯ ಸೆನ್ಸರ್ ಕೂತಿರುವುದು ಇನ್ನೊಂದು ತುದಿಯಲ್ಲಿ, ಥರ್ಮೋಸ್ಟಾಟಿನ ಹತ್ತಿರ. ನಾಲ್ಕನೆಯದು ಬೇಯುತ್ತಿದ್ದರೂ ಮುಳ್ಳು ಅದನ್ನು ತೋರಿಸಬೇಕೆಂದೇನಿಲ್ಲ. ಥರ್ಮೋಸ್ಟಾಟ್ ತೆಗೆದು ಹೋಸ್ ಪೈಪಿನಿಂದ ಮೇಲಿಂದ ನೀರು ಬಿಟ್ಟು, ಕೆಳಗಿನ ಪ್ಲಗ್ಗಿನ ತೂತನ್ನು ಕೆದಕುತ್ತಾ, ತಿಳಿ ನೀರು ಬರುವ ತನಕ ಬಿಡಲಿಲ್ಲ.

ಇದೇ ಕಾರಣಕ್ಕೆ ಹೀಟರಿನ ಹರಿವನ್ನು ಕಾಯಂ ಮುಚ್ಚಬೇಡಿ. ಹೀಟರಿಗೆ ನೀರು ಹೋಗುವುದು ಹೆಡ್ಡಿನ, ಅಂದರೆ ಸಿಲಿಂಡರುಗಳ ಮೇಲೆ ಕೂರುವ ಭಾಗದ, ಆ ದೂರದ ತುದಿಯಿಂದ. ಬಿಸಿನಾಡಿನಲ್ಲಿ ಹೀಟರ್ ಯಾಕೆ ಎಂದು ಅಲ್ಲಿ ತಗಡು ಹಾಕಿ ಮುಚ್ಚಿದ ಗಾಡಿಗಳಿವೆ. ಹಾಗೆ ಮಾಡಿದರೆ ನಾಲ್ಕನೇ ಸಿಲಿಂಡರಿನ ಮೇಲಿನ ನೀರು ಹರಿದು ಹೋಗುವ ಒಂದು ದಾರಿ ತಪ್ಪುತ್ತದೆ.

ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು, ಥರ್ಮಾಮೀಟರ್ ಇಟ್ಟು ಕಾಯಿಸಿದೆ. ಮೇಲೆ 88 ಎಂದು ಬರೆದಿತ್ತು. 91ಕ್ಕೆ ಬಾಯಿ ಬಿಡಲು ಶುರು, ಪೂರ್ತಿ ತೆರೆಯಲೇ ಇಲ್ಲ. ಎ-ಸೀರೀಸಿಗೆ 74, 82, 88 ಡಿಗ್ರಿಯವು ಸಿಗುತ್ತವೆ. ನಾನು 82ರದ್ದು ಹಾಕಿದೆ, ಅದರ ಅಂಚಿನಲ್ಲಿ ಗಾಳಿ ಹೋಗಲು 3 ಮಿಮೀ ತೂತು ಕೊರೆದು. ಥರ್ಮೋಸ್ಟಾಟ್ ಕನಿಷ್ಠ ಬಿಸಿಯನ್ನು ನಿಗದಿ ಮಾಡುತ್ತದೆಯೇ ಹೊರತು ಗರಿಷ್ಠವನ್ನಲ್ಲ. ಒಮ್ಮೆ ಪೂರ್ತಿ ತೆರೆದ ಮೇಲೆ 74ರದ್ದೂ ಒಂದೇ, 88ರದ್ದೂ ಒಂದೇ. ಪೂರ್ತಿ ಕಿತ್ತು ಹಾಕಿದರೆ ನೀರು ಸುಲಭದ ದಾರಿ ಹಿಡಿದು ದೂರದ ಸಿಲಿಂಡರುಗಳ ಕಡೆ ಕಡಿಮೆ ಹರಿಯುತ್ತದೆ. ರೇಸಿನವರು ತೆಗೆದರೂ ಅದರ ಜಾಗಕ್ಕೆ ಒಂದು ಬ್ಲಾಂಕಿಂಗ್ ಸ್ಲೀವ್ (ಹರಿವಿಗೆ ತಡೆ ಒಡ್ಡುವ ಬಳೆ) ಕೂರಿಸುವುದು ಅದಕ್ಕೇ.

ಕೆಳ ಹೋಸನ್ನು ಕೈಯಲ್ಲಿ ಹಿಸುಕಿದರೆ ಮೆತ್ತಗೆ ಚಪ್ಪಟೆಯಾಗುತ್ತಿತ್ತು. ಎಂಜಿನ್ ರೇಸ್ ಮಾಡಿದಾಗ ಪಂಪಿನ ಎಳೆತಕ್ಕೆ ಅದು ಒಳಕ್ಕೆ ಕುಸಿಯುವುದು ಕಣ್ಣಿಗೇ ಕಂಡಿತು. ಏರಿನಲ್ಲಿ ಕಾಯಲು ಇದೂ ಒಂದು ಕಾರಣ. ಹೋಸುಗಳನ್ನೆಲ್ಲ ಬದಲಿಸಿದೆ. ಪಂಪಿನ ಬೇರಿಂಗಿನಲ್ಲಿ ಅಲುಗಾಟವಿಲ್ಲ, ಸೋರುವ ತೂತಿನಲ್ಲಿ ಕಲೆಯಿಲ್ಲ, ಹಾಗಾಗಿ ಅದನ್ನು ಮುಟ್ಟಲಿಲ್ಲ. ಬೆಲ್ಟನ್ನು ಉದ್ದದ ಬದಿಯ ನಡುವೆ ಒತ್ತಿದರೆ 13 ಮಿಮೀ ತಗ್ಗುವಷ್ಟು ಬಿಗಿ ಮಾಡಿದೆ.

ರೇಡಿಯೇಟರ್ ಮುಚ್ಚಳದ ಒಳಗಿನ ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು. ಬರಿ ನೀರು 100ಕ್ಕೆ ಕುದಿಯುತ್ತದೆ. 13 ಪಿಎಸ್‌ಐ ಒತ್ತಡ ಹಿಡಿದಿಟ್ಟರೆ ಸುಮಾರು 119ರ ತನಕ ಕುದಿಯುವುದಿಲ್ಲ. ಒತ್ತಡ ನಿಲ್ಲದ ಮುಚ್ಚಳವಿದ್ದರೆ ಆ ಹತ್ತೊಂಬತ್ತು ಡಿಗ್ರಿಯ ರಕ್ಷಣೆಯೇ ಇಲ್ಲ. ನನ್ನ ಗಾಡಿ 104ಕ್ಕೇ ನೀರು ಕಾರುತ್ತಿದ್ದುದು ಇದರಿಂದ. ಗಾಡಿಗೆ ಹೇಳಿದ ಅಳತೆಯ ಮುಚ್ಚಳವನ್ನೇ ಹಾಕಿ, ಹೆಚ್ಚು ಒತ್ತಡದ್ದು ಹಾಕಿದರೆ ಹಳೆಯ ಬೆಸುಗೆಗಳು ಬಾಯಿ ಬಿಡುತ್ತವೆ.

ಎಂಜಿನ್ ಹುಟ್ಟಿಸುವ ಶಾಖ

ಟೈಮಿಂಗ್ ಲೈಟ್ ಹಿಡಿದು ನೋಡಿದರೆ ಇಗ್ನಿಷನ್ ಹ್ಯಾಂಡ್‌ಬುಕ್ಕಿನ ಅಂಕಿಗಿಂತ, ಕ್ರ್ಯಾಂಕ್ ತಿರುಗುವ ಕೋನದ ಲೆಕ್ಕದಲ್ಲಿ, 6 ಡಿಗ್ರಿ ತಡವಾಗಿತ್ತು. ಕಿಡಿ ತಡವಾದರೆ ಉರಿಯೂ ತಡವಾಗುತ್ತದೆ. ಪಿಸ್ಟನ್ ತಳ್ಳಬೇಕಾದ ಶಾಖ ಎಕ್ಸಾಸ್ಟ್ ವಾಲ್ವ್ ತೆರೆಯುವಾಗಲೂ ಉರಿಯುತ್ತಿದ್ದು ಪೋರ್ಟಿನ ಗೋಡೆಗೆ, ಅಲ್ಲಿಂದ ನೀರಿಗೆ ಹೋಗುತ್ತದೆ. ಈ ಎಂಜಿನ್ನಿನ ಹೆಡ್ಡಿನಲ್ಲಿ ಎರಡನೇ ಮತ್ತು ಮೂರನೇ ಸಿಲಿಂಡರಿಗೆ ಎಕ್ಸಾಸ್ಟ್ ಪೋರ್ಟ್ ಒಂದೇ. ಆ ನಡುಭಾಗ ಮೊದಲೇ ಬಿಸಿ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಕೊಳವೆಗೆ ಬಾಯಿಟ್ಟು ಎಳೆದೆ, ಒಳಗಿನ ಪ್ಲೇಟ್ ಅಲುಗಲೇ ಇಲ್ಲ: ಡಯಾಫ್ರಂ ಹರಿದಿತ್ತು. ಡಯಾಫ್ರಂ ಇರುವ ಹೊಸ ವ್ಯಾಕ್ಯೂಮ್ ಕ್ಯಾಪ್ಸೂಲ್ ಹಾಕಿ ಟೈಮಿಂಗ್ ಸರಿ ಹೊಂದಿಸಿದ ದಿನವೇ ಏರಿನ ಬಿಸಿ ಗಮನಕ್ಕೆ ಬರುವಷ್ಟು ಇಳಿಯಿತು.

ಎಸ್‌ಯು ಕಾರ್ಬ್ಯುರೇಟರಿನಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣ ನೋಡಲು, ಅದರೊಳಗಿನ ಪಿಸ್ಟನ್ ಎತ್ತುವ ಪುಟ್ಟ ಪಿನ್ ಇದೆ. ಬಿಸಿ ಎಂಜಿನ್ ಐಡ್ಲಿಂಗಿನಲ್ಲಿದ್ದಾಗ ಪಿಸ್ಟನ್ ಒಂದು ಮಿಲಿಮೀಟರಿಗೂ ಕಮ್ಮಿ ಎತ್ತಿ. ಎಂಜಿನ್ ಕ್ಷಣ ಚುರುಕಾಗಿ ಮತ್ತೆ ಮೊದಲಿನಂತಾದರೆ ಸರಿ. ಚುರುಕಾಗಿಯೇ ಉಳಿದರೆ ಪೆಟ್ರೋಲ್ ಜಾಸ್ತಿ, ಮುಗ್ಗರಿಸಿದರೆ ಕಡಿಮೆ. ನನ್ನದು ಮುಗ್ಗರಿಸಿತು. ಜೆಟ್ ನಟ್ಟನ್ನು ಒಂದೊಂದೇ ಮೂಲೆಯಷ್ಟು ಕೆಳಗೆ ತಿರುಗಿಸಿ ಸರಿಪಡಿಸಿದೆ. ಬಿಳಿಚಿಕೊಂಡಿದ್ದ ಸ್ಪಾರ್ಕ್ ಪ್ಲಗ್ಗುಗಳ ತುದಿಗಳು ಈಗ ತಿಳಿ ಕಂದಿಗೆ ಬಂದಿವೆ.

ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಹರಿದಿದೆಯೇ ಎಂಬ ಅನುಮಾನವನ್ನೂ ಪರಿಹರಿಸಿಕೊಂಡೆ. ರೇಡಿಯೇಟರ್ ಬಾಯಿಗೆ ಇಡುವ ಪರೀಕ್ಷಾ ನಳಿಕೆಯ ನೀಲಿ ದ್ರವ ಹಳದಿಗೆ ತಿರುಗಿದರೆ ಉರಿದ ಅನಿಲ ನೀರಿಗೆ ನುಗ್ಗುತ್ತಿದೆ ಎಂದರ್ಥ. ನೀಲಿಯಾಗಿಯೇ ಉಳಿಯಿತು.

ತುಂಬುವುದು, ಮತ್ತು ಇನ್ನೊಂದು ಫ್ಯಾನ್

ಬಿಸಿನಾಡಿನಲ್ಲಿ ಕೂಲಂಟ್ ಯಾಕೆ, ನೀರು ಸಾಕಲ್ಲ ಎನ್ನುವವರು ಬ್ಲಾಕಿನಿಂದ ನಾನು ಕೆದಕಿ ತೆಗೆದ ರಾಡಿ ನೋಡಬೇಕಿತ್ತು. ಶಾಖ ಹೊರುವುದರಲ್ಲಿ ನೀರೇ ಕೂಲಂಟಿನ ಗ್ಲೈಕಾಲಿಗಿಂತ ಮೇಲು, ನಿಜ. ಆದರೆ ಬರಿ ನೀರು ಎರಕದ ಕಬ್ಬಿಣವನ್ನು ತಿನ್ನುತ್ತದೆ. ಹಿಮ ಬೀಳದ ಕಡೆ ಅರ್ಧಕ್ಕರ್ಧ ಬೇಕಿಲ್ಲ, ಡಿಸ್ಟಿಲ್ಡ್ ವಾಟರಿಗೆ ಮೂರನೇ ಒಂದು ಭಾಗದಷ್ಟು ಕೂಲಂಟ್ ಸಾಕು. ತುಂಬುವಾಗ ಹೀಟರ್ ವಾಲ್ವ್ ತೆರೆದಿರಲಿ, ಮೇಲಿನ ಹೋಸನ್ನು ಮೆಲ್ಲಗೆ ಹಿಸುಕುತ್ತಾ ಗುಳ್ಳೆ ಹೊರಡಿಸಿ. ಕಂಠದವರೆಗೆ ತುಂಬಿದರೆ ಬಿಸಿಯಾದಾಗ ಹಿಗ್ಗಿ ಹೊರಚೆಲ್ಲುತ್ತದೆ, ಎರಡು ಬೆರಳು ಕೆಳಗೆ ನಿಲ್ಲಿಸಿ.

ಎಲ್ಲ ಮುಗಿದ ಮೇಲೆ ಅದೇ 38 ಡಿಗ್ರಿಯಲ್ಲಿ, ಅದೇ ಕಾಲು ಗಂಟೆ ಐಡ್ಲಿಂಗ್: ಮೇಲಿನ ತೊಟ್ಟಿ 93, ಕೆಳಗಿನ ಕೊಳವೆ 82. ರೇಡಿಯೇಟರ್ ಈಗ ಹನ್ನೊಂದು ಡಿಗ್ರಿ ಇಳಿಸುತ್ತಿದೆ. ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ 42 ಮುಟ್ಟುವ ದಿನಗಳೂ ಇರುವುದರಿಂದ ಚಕ್ರದ ಗೂಡಿನೊಳಗೆ, ಸೀಳುಗಳ ಹೊರಗೆ ಒಂದು ಕರೆಂಟ್ ಫ್ಯಾನ್ ಸೇರಿಸಿದೆ. ಅದು ಗಾಳಿಯನ್ನು ಹೊರಕ್ಕೆ ಎಳೆಯಬೇಕು. ವೈರ್ ಅದಲುಬದಲಾದರೆ ಒಳಗಿನ ಫ್ಯಾನಿನೊಂದಿಗೆ ಗುದ್ದಾಡುತ್ತದೆ. ಒಂದು ಕಾಗದದ ಚೂರು ಹಿಡಿದು ದಿಕ್ಕು ಖಚಿತ ಮಾಡಿಕೊಳ್ಳಿ. ಮೇಲಿನ ಹೋಸಿನಲ್ಲಿ ಕೂರಿಸಿದ ಸ್ವಿಚ್ 92ಕ್ಕೆ ಆನ್, 87ಕ್ಕೆ ಆಫ್. ಕರೆಂಟ್ ರಿಲೇ ಮತ್ತು ಸ್ವಂತ ಫ್ಯೂಸ್ ಮೂಲಕವೇ ಹೋಗಲಿ. ಆಲ್ಟರ್ನೇಟರ್ ಇರುವ ಗಾಡಿಗೆ ಈ ಹೊರೆ ತೊಂದರೆಯಿಲ್ಲ. ಡೈನಮೋ ಗಾಡಿಯಾದರೆ ಯೋಚಿಸಿ: ಲ್ಯೂಕಾಸ್ ಸಿ40 ಡೈನಮೋ ಕೊಡುವುದೇ 22 ಆಂಪಿಯರ್, ಅದೂ ಐಡ್ಲಿಂಗಿನಲ್ಲಲ್ಲ, ಮತ್ತು ಫ್ಯಾನ್ ಬೇಕಾಗುವುದು ಐಡ್ಲಿಂಗಿನಲ್ಲೇ.

ದಾರಿಯಲ್ಲಿ ಮುಳ್ಳು ಏರಿದರೆ ಹೀಟರನ್ನು ಪೂರ್ತಿ ತೆರೆದು ಬ್ಲೋವರ್ ಹಾಕಿ, ನ್ಯೂಟ್ರಲ್‌ನಲ್ಲಿ ಸ್ವಲ್ಪ ಆಕ್ಸಿಲರೇಟರ್ ಒತ್ತಿ ಫ್ಯಾನ್ ಓಡಿಸಿ. ಇಳಿಯದಿದ್ದರೆ ನಿಲ್ಲಿಸಿ ಬಾನೆಟ್ ಎತ್ತಿ. ಮೇಲಿನ ಹೋಸ್ ಕೈಗೆ ಗಟ್ಟಿ ಹತ್ತುವಷ್ಟು ಹೊತ್ತು ಮುಚ್ಚಳ ಮುಟ್ಟಲೇಬೇಡಿ. ಕಾದ ಬ್ಲಾಕಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು.

ಇನ್ನು ಉಳಿದ ಕೆಲಸ ಆಯಿಲಿನದು. ಗೇರ್‌ಬಾಕ್ಸೂ ಅದೇ ಆಯಿಲಿನಲ್ಲಿ ಮಿಂದೇಳುವುದರಿಂದ ಮಿನಿಯ ಆಯಿಲ್ ಬೇಗ ದಣಿಯುತ್ತದೆ. ಸಂಪಿಗೆ ಟೆಂಪರೇಚರ್ ಸೆನ್ಸರ್ ಕೂರಿಸಿ, ಏರಿನಲ್ಲಿ ಅದು ಎಲ್ಲಿಗೆ ಮುಟ್ಟುತ್ತದೆ ಎಂದು ನೋಡಿದ ಮೇಲೆಯೇ ಆಯಿಲ್ ಕೂಲರ್ ಬೇಕೋ ಬೇಡವೋ ತೀರ್ಮಾನಿಸುತ್ತೇನೆ. ಕೂಲರ್ ಹಾಕುವುದಾದರೆ ಅದೂ ಜಾಲರಿಯ ಹಿಂದೆ, ಗಾಳಿಯ ಅದೇ ದಾರಿಯಲ್ಲಿ ಕೂರಬೇಕು.